ಐದು ಬೈಟಿನ ಜಾಗ

ಬರ್ನೊ ಊರಿನ ಹಳೆಯ ಉಣ್ಣೆ ಗಿರಣಿಯ
ಮೂರನೇ ಮಹಡಿಯಲ್ಲಿ ಈಗ ಮಗ್ಗಗಳಿಲ್ಲ.
ಕಬ್ಬಿಣದ ಕಪಾಟಿನ ತುಂಬ ಹತ್ತೊಂಬತ್ತು ಯಂತ್ರ,
ಹತ್ತೊಂಬತ್ತು ತಳಿಯ ಪ್ರೊಸೆಸರು,
ಒಂದಕ್ಕೆ ಬಂದದ್ದು ಇನ್ನೊಂದಕ್ಕೆ ಬಾರದು.
ಕೆಳಗೆ ಟ್ರಾಮು ತಿರುವು ತೆಗೆದುಕೊಂಡಾಗ
ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ.

ಕರ್ನೆಲ್ ಮಾತ್ರ ಒಂದೇ.
ಯಾರ ಮೈಗೆಂದು ತಿಳಿಯದೆ ಹೊಲಿದ ಕೋಟು,
ಒಳಗೆ ಅಷ್ಟಷ್ಟು ಬಟ್ಟೆ ಮಡಿಸಿ ಬಿಟ್ಟದ್ದು:
ಏನೂ ಮಾಡಬೇಡ ಎಂಬ ಆಜ್ಞೆ,
ತೊಂಬತ್ತು, ತೊಂಬತ್ತು, ತೊಂಬತ್ತು,
ತೊಂಬತ್ತು, ತೊಂಬತ್ತು.

ಎದ್ದ ಗಳಿಗೆಯಲ್ಲೇ ಅದು ಕೇಳುತ್ತದೆ
ನಾನು ಯಾರ ಮೇಲೆ ನಿಂತಿದ್ದೇನೆ,
ಇವನ ಕೈಲಿ ಏನೇನು ಆದೀತು?
ವೇದಾಂತವಲ್ಲ ಇದು. ಒಂದು ಸಾಲಿನ ಪ್ರಶ್ನೆ,
ನಾಲ್ಕು ರಿಜಿಸ್ಟರಿನಲ್ಲಿ ಉತ್ತರ.
ಆಮೇಲೆ ಉಗ್ರಾಣದಿಂದ ತಕ್ಕ ತುಂಡು ತಂದು
ಖಾಲಿ ಜಾಗಕ್ಕೆ ಇಡುತ್ತದೆ.
ಹಾಸಿಗೆ ಇದ್ದಷ್ಟೇ ಕಾಲು. ಆರನೇ ಬೈಟು ಚಾಚಿದರೆ
ಪಕ್ಕದವನ ಎದೆಯ ಮೇಲೆ ಬಿದ್ದೀತು.
ಕೆಲಸ ಮುಗಿಯಿತೋ, ಉಗ್ರಾಣವನ್ನೂ ಕೆಡವಿ
ಆ ನೆಲವನ್ನು ಬೇರೆಯವರಿಗೆ ಕೊಡುತ್ತದೆ.

ಹದಿನೆಂಟು ಎದ್ದವು.
ಏಳನೆಯದು ಏಳಲಿಲ್ಲ.

ಮೂರು ರಾತ್ರಿ.
ಜ್ದಿಸ್ಲಾವಾ ಫ್ಲಾಸ್ಕಿನಲ್ಲಿ ಲಿಂಡೆನ್ ಹೂವಿನ ಕಷಾಯ ತರುತ್ತಾಳೆ,
ನನಗೆ ಸೇರುವುದಿಲ್ಲ, ಕುಡಿಯುತ್ತೇನೆ.
ಇದೇ ಕಿಟಕಿಯ ಬೆಳಕಿಗೆ ಅವಳಜ್ಜಿ ಕೂರುತ್ತಿದ್ದಳಂತೆ,
ಮಗ್ಗ ತಪ್ಪಿಸಿದ ಎಳೆಯನ್ನು ಸೂಜಿಯಿಂದ ಸೇರಿಸುವ ಕೆಲಸ.
ಎಲ್ಲಿ ಸೇರಿಸಿದೆ ತೋರಿಸು ಅಂದರೆ
ಅವಳಿಗೇ ತೋರಿಸಲಾಗುತ್ತಿರಲಿಲ್ಲ.
ಕಂಡರೆ ಕೂಲಿ ಕಡಿತ.
ಹೇಳುತ್ತ ಹೇಳುತ್ತ ಜ್ದಿಸ್ಲಾವಾ
ಪರದೆಯ ಮೇಲೆ ಬೈಟುಗಳನ್ನು
ಬೆರಳಿಟ್ಟು ಎಣಿಸುತ್ತಿದ್ದಳು,
ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ.

ಸಿಕ್ಕಿದ್ದು ನಸುಕಿಗೆ.
ಒಂದು ಜಿಗಿತ. ಅದರ ಮಾತು ಇಷ್ಟೇ:
ಇಲ್ಲಿಂದ ನಲವತ್ತು ಹೆಜ್ಜೆ ಮುಂದೆ.
ಬರೆದದ್ದು ಉಗ್ರಾಣದಲ್ಲಿ ಕೂತು.
ತಂದು ಅಂಗಳದಲ್ಲಿ ಇಟ್ಟ ಮೇಲೂ
ಅದು ನಲವತ್ತೇ ಎಣಿಸಿತು,
ಪ್ರಾಮಾಣಿಕವಾಗಿ, ಒಂದೂ ಹೆಚ್ಚುಕಮ್ಮಿ ಇಲ್ಲದೆ,
ಯಾರೂ ಇಲ್ಲದ ಕಡೆಗೆ.
ಉಳಿದ ಹದಿನೆಂಟಕ್ಕೆ ಈ ತುಂಡೇ ಬೇಕಿರಲಿಲ್ಲ,
ಅದಕ್ಕೇ ಅವು ಜಾಣವಾಗಿ ಕಂಡವು.
ಎಣಿಕೆ ಸರಿ. ಹೆಜ್ಜೆ ಸರಿ.
'ಇಲ್ಲಿ' ಅನ್ನುವುದೊಂದೇ
ಹಿಂದೆ ಉಳಿದುಬಿಟ್ಟಿತ್ತು.

ಓಡುತ್ತಿರುವಾಗಲೇ ತಿದ್ದುವುದಿದ್ದರೆ
ಇನ್ನೂ ಕಷ್ಟ. ಹದಿನಾರು ಕೋರುಗಳು
ಅದೇ ಹೊಸ್ತಿಲು ದಾಟುತ್ತಿರುತ್ತವೆ.
ಮೊದಲ ಬೈಟಿನಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸು,
ಬಂದವರನ್ನು ತಡೆದು ಬಳಸುದಾರಿ ತೋರಿಸಲಿ.
ಎಲ್ಲರಿಗೂ ಕೂಗಿ ಹೇಳು.
ಅವನ ಬೆನ್ನ ಹಿಂದಿನ ನಾಲ್ಕನ್ನು ಬದಲಿಸು.
ಮತ್ತೆ ಕೂಗು.
ಕಡೆಗೆ ಕಾವಲುಗಾರನ ಮೇಲೆಯೇ
ಹೊಸ ಬೈಟು ಬರೆ.
ಅವನೆಲ್ಲಿ ಹೋದ ಎಂದು
ಇದುವರೆಗೆ ಯಾರೂ ಕೇಳಿಲ್ಲ.

ದೂರವನ್ನು ಹೊಸ ಜಾಗದಿಂದ ಅಳೆದು ಬರೆದೆವು.
ಏಳನೆಯದು ಎದ್ದಿತು, ಏನೂ ಆಗದವರ ಹಾಗೆ.
ಜ್ದಿಸ್ಲಾವಾ ಫ್ಲಾಸ್ಕು ತೊಳೆಯಲು ಹೋದಳು.

ಕೆಳಗೆ ಬೀದಿಯಲ್ಲಿ ಹಳಿ ರಿಪೇರಿ.
ನಿಲ್ದಾಣ ಇನ್ನೂರು ಮೀಟರ್ ಆಚೆ, ಎಂದು ಫಲಕ.
ನೆಲ ಅಗೆಯುವವರು ತಮಗೆ ಅಡ್ಡವಾಯಿತೆಂದು
ಅದನ್ನೆತ್ತಿ ಇನ್ನೊಂದು ಗೋಡೆಗೆ ಒರಗಿಸಿದ್ದರು.
ನಾಯಿ ಹಿಡಿದ ಮುದುಕನೊಬ್ಬ
ಫಲಕ ಓದಿ, ರಸ್ತೆ ನೋಡಿ, ನನ್ನನ್ನು ನೋಡಿ
ಕೇಳಿದ:
ಇಲ್ಲಿಂದಲೇ?