ಹನ್ನೊಂದನೇ ಅಧ್ಯಾಯದ ಬಸ್ಸು

ಫಳ್ನೀರಿನ ಈ ಅಂಗಡಿಗೆ ಹದಿನಾಲ್ಕು ಮೆಟ್ಟಿಲು.
ಹತ್ತಿ ಬಂದವರು ದಮ್ಮು ಎಳೆದುಕೊಂಡು ಮೊದಲು ಕೇಳುವುದು
‘ಒಳಗೆ ಮಾತಾಡುವುದು ಯಾರು ಬಾಯಿ?’
ಯಾರೂ ಇಲ್ಲ ಮಾರಾಯ್ರೆ, ಪುಸ್ತಕ.
ನೂಲಿನ ಡಬ್ಬದೊಳಗೆ ಕೂತು ಮೊಬೈಲು ಓದುತ್ತದೆ.
ತಗಡು ಡಬ್ಬ, ಸ್ವರಕ್ಕೆ ಸ್ವಲ್ಪ ಗುಂಗು ಬರುತ್ತದೆ
ಇಗರ್ಜಿಯಲ್ಲಿ ಓದಿದ ಹಾಗೆ.

ಕಣ್ಣು ಬೇಕು ಸೂಜಿಗೆ,
ಕೈ ಬಟ್ಟೆಗೆ, ಕಾಲು ಪೆಡಲಿಗೆ.
ಖಾಲಿ ಬಿದ್ದದ್ದು ಕಿವಿ ಒಂದೇ,
ಅದನ್ನು ಮೂರು ವರ್ಷದಿಂದ ಬಾಡಿಗೆಗೆ ಕೊಟ್ಟಿದ್ದೇನೆ.
ಹಾಗಾಗಿ ನನ್ನ ಅಭಿಪ್ರಾಯಕ್ಕೆ ಅಷ್ಟಿಷ್ಟು ಬೆಲೆ ಉಂಟು.

ಹಡಗು ಮುಳುಗುವ ಆ ದೊಡ್ಡ ಕಾದಂಬರಿ, ಇಪ್ಪತ್ತೆರಡು ಗಂಟೆಯದ್ದು,
ಒಂದು ಮದುವೆ ಗೌನಿಗೆ ಸರಿಯಾಗಿ ಸಾಕಾಯಿತು,
ಕೊರಳಿನ ಲೇಸಿಗೆ ಬರುವಾಗ ಕಪ್ತಾನ ನೀರಿಗೆ.
ಕತೆ ಒಳ್ಳೆಯದೇ. ಓದಿದವನು ಮಾತ್ರ
ಸತ್ತವರ ಹೆಸರನ್ನು ರೇಷನ್ ಅಂಗಡಿಯಲ್ಲಿ ಕರೆದ ಹಾಗೆ ಕರೆದ.
ಇನ್ನೊಬ್ಬನಿದ್ದಾನೆ, ದುಃಖ ಬರುವ ಎರಡು ಸಾಲು ಮುಂಚೆಯೇ
ಗಂಟಲು ಒದ್ದೆ ಮಾಡಿಕೊಂಡು ಕಾಯುತ್ತಾನೆ.
ಅಳಬೇಕೋ ಬೇಡವೋ ಅವನೇ ತೀರ್ಮಾನಿಸಿದರೆ
ನಾನೆಂತಕ್ಕೆ ಇರುವುದು?

ಹೆಂಗಸರ ಮಾತಿಗೆ ಸ್ವರ ಸಣ್ಣ ಮಾಡುವ ಗಂಡಸರನ್ನು
ಸುಗಂಧಿಗೆ ಬಿಟ್ಟಿದ್ದೇನೆ. ಕಾಜ ಹೊಲಿಯುತ್ತ ನಗುತ್ತಾಳೆ.
ಅವಳಿಗೆ ಕೊಲೆ ಬೇಕು, ದಿನಕ್ಕೊಂದಾದರೂ.
ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾಳೆ,
ಪೊಲೀಸರು ಓಡೋಡಿ ಬಂದು ಓಡೋಡಿ ಅನುಮಾನಪಡುತ್ತಾರೆ.
ಮೆಷಿನ್ನು ಜೋರು ಬಿಟ್ಟರೆ ಹೊಲಿಗೆ ಸುಕ್ಕಾಗುತ್ತದೆ ಮಗಾ,
ವಾಕ್ಯವೂ ಹಾಗೆಯೇ, ಅಂದರೆ
‘ನಿಮ್ಮ ಪುಸ್ತಕದಲ್ಲಿ ಯಾರೂ ಸಾಯುವುದೇ ಇಲ್ಲ ಬಾಯಿ’ ಅನ್ನುತ್ತಾಳೆ.
ಸಾಯುತ್ತಾರೆ. ನಿಧಾನಕ್ಕೆ.

ಮನೆಯಲ್ಲಿ ಕೊಂಕಣಿ, ಗಿರಾಕಿಗೆ ತುಳು.
ಕನ್ನಡವೆಂದರೆ ನನಗೆ ಏಳನೇ ಕ್ಲಾಸಿನವರೆಗಿನ
ಇಸ್ತ್ರಿ ಹಾಕಿದ ಭಾಷೆ.
ಘಟ್ಟದ ಮೇಲಿನವರು ಓದುವಾಗ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ, ನಿಜ.
ಆದರೆ ನಮ್ಮ ಕಡೆಯ ಪಾತ್ರವೊಂದು ಬಂದು ‘ಉಂಟು’ ಅಂದರೆ
ಬೇರೆಯವರ ಚಪ್ಪಲಿ ಮೆಟ್ಟಿ ನಡೆದ ಹಾಗೆ ಓದುತ್ತಾರೆ.
ಉಂಟು ಅಂದರೆ ಉಂಟು. ಅದಕ್ಕೆ ನಗು ಯಾಕೆ ಬೆರೆಸುವುದು?

ಈಗ ನನ್ನದು ಹೇಳುತ್ತೇನೆ.
ತಕ್ಕಡಿ ರಿಪೇರಿಯವನ ಮಗಳ ಕತೆ.
ಓದಿದವಳ ಹೆಸರು ಎಲ್ಲಿಯೂ ಹಾಕಿಲ್ಲ.
ಸ್ವರ ಚಂದ ಅಂತ ಹೇಳಲಿಕ್ಕಾಗದು, ಶೀತ ಆದವರದ್ದು.
ಪ್ಯಾರ ಮುಗಿದರೆ ನಿಲ್ಲುತ್ತಾಳೆ, ಹಾಳೆ ತಿರುಗುವುದು ಕೇಳುತ್ತದೆ,
ಒಮ್ಮೆ ಲೋಟ ಕೆಳಗಿಟ್ಟದ್ದೂ.
‘ತೂಕ’ ಅನ್ನುವ ಪದವನ್ನು ಪ್ರತಿಸಲ
ಕೈಯಲ್ಲಿ ಹಿಡಿದು ನೋಡಿಯೇ ಮುಂದೆ ಹೋಗುತ್ತಾಳೆ.

ಹನ್ನೊಂದನೇ ಅಧ್ಯಾಯ. ಮಗಳು ಅಪ್ಪನ ಪೆಟ್ಟಿಗೆ ತೆರೆಯುತ್ತಾಳೆ,
ಐವತ್ತು ಗ್ರಾಮಿನ ಕಲ್ಲು ಇಲ್ಲ,
ಅದರ ಗುಳಿಯಲ್ಲಿ ಬೆರಳಿಡುತ್ತಾಳೆ,
ಆಗ ಹಿಂದಿನಿಂದ, ತುಂಬ ದೂರದಿಂದ, ಒಂದು ವಿಸಿಲ್.
‘ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್, ರೈಟ್ ಪೋಯಿ!’

ಪೆಡಲಿನ ಮೇಲೆ ನನ್ನ ಕಾಲು ನಿಂತಿತು.
ಸುಗಂಧಿ ಕಿಟಕಿಗೆ ಓಡಿದಳು. ರಸ್ತೆಯಲ್ಲಿ ಬಸ್ಸಿಲ್ಲ.
ಅದು ಪುಸ್ತಕದೊಳಗಿನದ್ದು.
ಹಾಗಾದರೆ ಇವಳು ಇಲ್ಲಿಯವಳು!
ಬೆಂದೂರ್‌ವೆಲ್ಲೋ, ನಂತೂರಿನ ಏರಿನಲ್ಲೋ
ಫ್ಯಾನು ಆರಿಸಿ, ಕಿಟಕಿ ಹಾಕಿ, ಬೆವರುತ್ತ ಓದಿದ್ದಾಳೆ.
ಒಂದು ಕಿಟಕಿಯ ಕೊಂಡಿ ಸರಿ ಕೂರುವುದಿಲ್ಲ.

ಆಮೇಲೆ ಅಳತೆಗೆ ಬಂದ ಹೆಂಗಸರ ಹತ್ತಿರವೆಲ್ಲ
ಬೇಕಂತಲೇ ಕೇಳಿದೆ, ನಿಮ್ಮ ತೂಕ ಎಷ್ಟು?
ಅವರು ಆ ಪದ ಹೇಗೆ ಹೇಳುತ್ತಾರೆ ನೋಡುವ ಅಂತ.
ಎಲ್ಲರಿಗೂ ಸಿಟ್ಟು ಬಂತು.

ಹೋದ ತಿಂಗಳು ಮೊಬೈಲಿನಲ್ಲಿ ಬಂತು:
ಗದ್ದಲ ತೆಗೆದು ಈ ಪುಸ್ತಕವನ್ನು ಶುದ್ಧ ಮಾಡಲಾಗಿದೆ.
ಸುಗಂಧಿ ತನ್ನದರಲ್ಲಿ ಹಾಕಿಕೊಂಡಳು. ಕೇಳಿದೆವು.
ಹಾಳೆ ಇಲ್ಲ. ಲೋಟ ಇಲ್ಲ.
ಗುಳಿಯಲ್ಲಿ ಬೆರಳು, ಮತ್ತೆ ಎಂತದೂ ಇಲ್ಲ,
ಬಸ್ಸು ಬಾರದ ಸ್ಟಾಪಿನಲ್ಲಿ ಆ ಹುಡುಗಿ ಒಬ್ಬಳೇ.
ಸುಗಂಧಿಯೂ ಆವತ್ತು ಕೊಲೆ ಕೇಳಲಿಲ್ಲ.

ನಾನು ನನ್ನದನ್ನು ಹೊಸತು ಮಾಡಲಿಲ್ಲ.
‘ಆಮೇಲೆ ನೆನಪಿಸು’ ಅಂತ ಒಂದು ಉಂಟಲ್ಲ, ಅದನ್ನೇ
ದಿನಾ ಬೆಳಿಗ್ಗೆ ಒತ್ತುತ್ತೇನೆ, ಬೀಗ ತೆಗೆದ ಕೂಡಲೇ,
ಮೆಷಿನ್ನಿಗೆ ಎಣ್ಣೆ ಬಿಡುವ ಮೊದಲು.