ಅರ್ಧ ಮಿಲ್ಲಿಮೀಟರ್

ಕುಂಬಳೆ ಸ್ಟೇಷನ್ನಿನಲ್ಲಿ ಬೆಳಗಿನ ಗಾಡಿಗೆ
ಐದು ಜನ ಇಳಿದರು, ಹೆಗಲಲ್ಲಿ ಮುಕ್ಕಾಲಿ.
ಸರ್ವೆಯವರೆಂದು ಎಣಿಸಿ
ಆಟೋ ಹಿಂದಕ್ಕೆ ತೆಗೆದೆ.
ಸರ್ವೆಯವರಿಗೆ ನಮ್ಮಲ್ಲಿ ಯಾರೂ ದಾರಿ ಹೇಳುವುದಿಲ್ಲ.

"ಶಿರಿಯಾ ಅಳಿವೆ," ಅಂದರು ಒಬ್ಬರು,
"ಒಂದು ಹಕ್ಕಿ ನೋಡಲಿಕ್ಕೆ."
ಐದು ಜನ, ಒಂದು ಹಕ್ಕಿ, ಮೂರು ಸೀಟು.
ಮುಕ್ಕಾಲಿಯ ಕಾಲುಗಳನ್ನು ಹೊರಗೆ ಚಾಚಿ
ಹೇಗೋ ಹೊರಟೆವು.

ದಾರಿಯಲ್ಲಿ ನನಗೆ ಸಿಕ್ಕಿದ್ದು ಇಷ್ಟು:
ಉತ್ತರದ ಮಂಜಿನ ಅಂಚಿನಲ್ಲಿ ಮೊಟ್ಟೆ ಒಡೆಯುವುದು,
ಚಳಿಗಾಲ ಇಡೀ ನಡುಗಡಲಲ್ಲಿ,
ಅದೂ ಆಫ್ರಿಕಾದ ಆಚೆ ಬದಿಯ ಕಡಲಲ್ಲಿ.
ಇಲ್ಲಿಗೆ ಬರಬಾರದು. ಬಂದಿದೆ.
ಅಥವಾ ಬಂದಿಲ್ಲ.
ಇದೇ ರೂಪದ ಇನ್ನೊಂದು ಜಾತಿ ಉಂಟು, ಮಾಮೂಲಿ,
ವರ್ಷ ವರ್ಷ ನಮ್ಮ ಕಡಲಿಗೆ ಬರುವಂಥದ್ದು.
ಅದರ ಕೊಕ್ಕು ಸೂಜಿ, ಇದರದ್ದು ದಬ್ಬಣ.
ವ್ಯತ್ಯಾಸ ಅರ್ಧ ಮಿಲ್ಲಿಮೀಟರ್.

"ಅಷ್ಟಕ್ಕೆ ತ್ರಿಶೂರಿನಿಂದ?" ಎಂದೆ.
ಪೌಲೋಸ್ ಎಂಬವರು ನಕ್ಕರು.
ಪಕ್ಕದಲ್ಲಿದ್ದ ವಸುಮತಿ, ಮೈಸೂರಿನ ಹಲ್ಲಿನ ಡಾಕ್ಟರು,
ನಗಲಿಲ್ಲ. "ಅರ್ಧ ಮಿಲ್ಲಿಮೀಟರ್ ತಪ್ಪಿದರೆ
ನನ್ನ ಕೈ ನರಕ್ಕೆ ತಾಗುತ್ತದೆ."
ಕನ್ನಡದಲ್ಲಿ ಅದರ ಹೆಸರೆಂತ, ಕೇಳಿದೆ.
ಗೊತ್ತಿಲ್ಲ ಎಂದರು. ಮಲಯಾಳದಲ್ಲಿ?
ಪೌಲೋಸ್ ತಲೆ ಅಲ್ಲಾಡಿಸಿದರು.
ಏಳು ಭಾಷೆಯ ಊರಿಗೆ
ಹೆಸರಿಲ್ಲದೆ ಬಂದಿತ್ತು.

ಏಳರಿಂದ ಹತ್ತೂವರೆ.
ಬೆಳ್ಳಕ್ಕಿ ಬಂತು, ಕಡಲಕ್ಕಿ ಬಂತು,
ಹದ್ದಿಗೆ ಹೆದರಿ ಮರಳದಿಬ್ಬ ಇಡೀ ಎದ್ದು ಹಾರಿ
ಪುನಃ ಅಲ್ಲೇ ಕೂತಿತು.
ಒಂದೊಂದನ್ನೂ ನೋಡಿ, ಅದಲ್ಲ, ಎಂದರು.
ಅದಲ್ಲ. ಅದಲ್ಲ.
ಇಷ್ಟು ಹಕ್ಕಿಗಳು ಇಲ್ಲಿ ಉಂಟೆಂದೇ
ನನಗೆ ಗೊತ್ತಿರಲಿಲ್ಲ. ಗೊತ್ತಾದ ಗಳಿಗೆಯಲ್ಲೇ
ಯಾವುದೂ ಅದಲ್ಲವಾಗಿತ್ತು.

ನೀರು ಇಳಿಯಿತು. ಬೀಫಾತಿಮ್ಮ ಬಂದಳು
ಮರುವಾಯಿ ಹೆಕ್ಕಲಿಕ್ಕೆ, ಸೊಂಟಕ್ಕೆ ಹಗ್ಗ,
ಹಗ್ಗದ ತುದಿಗೆ ತೇಲುವ ಅಲ್ಯೂಮಿನಿಯಂ ಚರಿಗೆ.
"ಸ್ವಲ್ಪ ಆಚೆ ಹೋಗಲಿಕ್ಕೆ ಹೇಳಿ," ಎಂದರು ನನ್ನ ಹತ್ತಿರ,
"ಬಂದದ್ದೂ ಹಾರಿಹೋದೀತು."
ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಮಲಯಾಳದಲ್ಲಿ ಕೂಗಿದೆ.
ಅವಳು ಕನ್ನಡದಲ್ಲೇ ಕೊಟ್ಟಳು, ಎಲ್ಲರಿಗೂ ಕೇಳುವಂತೆ:
"ತಿರುಗುವ ಹಕ್ಕಿಯಾ?
ಅದು ನಾನು ಬರದೆ ಬರುವುದಿಲ್ಲ."

ಇಳಿದಳು. ಪಾದದಲ್ಲೇ ಕೆಸರು ತಡಕಿ,
ಹೆಬ್ಬೆರಳಿಗೆ ಚಿಪ್ಪು ತಾಗಿದಲ್ಲಿ ಬಗ್ಗಿ,
ಬಗ್ಗಿ ಎದ್ದಾಗೆಲ್ಲ ನೀರು ಕಲಕಿ ಕಂದಾಗಿ,
ಆ ಕಂದಿನ ನಡುವೆ, ಎಲ್ಲಿಂದಲೋ,
ಹಿಡಿಯಷ್ಟು ಬೂದಿಬಿಳಿ.
ಗಿರಗಿರ ಸುತ್ತಿತು, ಯಾರೋ ಬೀಸಿ ಬಿಟ್ಟ ಬುಗುರಿ,
ಹೆಕ್ಕಿತು, ಸುತ್ತಿತು, ಹೆಕ್ಕಿತು,
ಅವಳ ಮಂಡಿಯಿಂದ ಎರಡು ಮೊಳ.

ಕ್ಯಾಮೆರಾಗಳು ಬಿಸಿ ಮರಳಿಗೆ ಬಿದ್ದ
ಭತ್ತದ ಹಾಗೆ ಸಿಡಿದವು.
ಡಾಕ್ಟರು ಮಾತ್ರ ದುರ್ಬೀನಿನ ಹಿಂದೆ
ಒಂದು ಕಣ್ಣು ಮುಚ್ಚಿ ನಿಂತೇ ಇದ್ದು
"ದಬ್ಬಣ," ಎಂದರು, ಮೆಲ್ಲಗೆ,
ನೋಯುವ ಹಲ್ಲು ಯಾವುದೆಂದು ಸಿಕ್ಕಿದ ಹಾಗೆ.

ಚಾದಂಗಡಿಯಲ್ಲಿ ಪಟ ತೋರಿಸಿದರು.
ಎಲ್ಲದರ ಮೂಲೆಯಲ್ಲೂ ಅವಳ ಮಂಡಿ,
ಎತ್ತಿ ಕಟ್ಟಿದ ಕಪ್ಪು ಮುಂಡಿನ ಒದ್ದೆ ಅಂಚು.
ಪೌಲೋಸ್ ಎರಡು ಬೆರಳಲ್ಲಿ ಹಿಗ್ಗಿಸಿ, ಸರಿಸಿ,
ಅದನ್ನು ಹೊರಗೆ ಹಾಕಿದರು.
ದಾಖಲೆಗೆ ಹಕ್ಕಿ ಸಾಕಂತೆ.
ಈಗ ಅದು ಯಾವ ನೀರಲ್ಲಾದರೂ ಇದ್ದೀತು.
"ಕತ್ತರಿಸದ್ದು ನನಗೊಂದು ಕಳಿಸಿ," ಎಂದೆ.
ಕಳಿಸಿದರು. ಬಾಡಿಗೆಯ ಮೇಲೆ ಐವತ್ತು ಹೆಚ್ಚೂ ಕೊಟ್ಟರು.

ಮರುದಿನ ಏಳು ಜನ. ಎರಡು ಟ್ರಿಪ್ ಹೊಡೆದೆ.
ರಾತ್ರಿ ಗಾಳಿ ತಿರುಗಿತ್ತು. ಹಕ್ಕಿ ಇಲ್ಲ.
ಬೀಫಾತಿಮ್ಮನಿಗೆ ಫೋನು ಚಾಚಿದೆ.
ಹಕ್ಕಿಯನ್ನು ಬಿಟ್ಟು ತನ್ನ ಮಂಡಿಯನ್ನೇ
ಬಹಳ ಹೊತ್ತು ನೋಡಿದಳು.
"ಈ ಗಾಯ ಯಾವಾಗ ಆದದ್ದು?
ನೀರಲ್ಲಿ ಗೊತ್ತೇ ಆಗುವುದಿಲ್ಲ."

ಹಗ್ಗ ಬಿಗಿದುಕೊಂಡು ಇಳಿದಳು.
ಅವಳ ಕಾಲಿನ ಸುತ್ತ ಕಲಕಿದ ನೀರನ್ನು
ಏಳು ಜನರೂ ದುರ್ಬೀನಿನಲ್ಲಿ
ನೋಡುತ್ತ ನಿಂತರು.