ಮುಚ್ಚುವ ಮುನ್ನ

ಸಿದ್ದಾಪುರದ ತೋಟ, ತೂಕದ ಶೆಡ್ಡು, ಸಂಜೆ ಆರೂಕಾಲು.
ಪ್ರೋಗ್ರಾಮು ಮುಚ್ಚಿದೆ. ಪರದೆ
ಒಂದು ಮಾತೂ ಆಡದೆ ಆರಿತು.

ಬೆಳಿಗ್ಗೆ ಚೋಮಿ ಬಂದು ನಿಂತಳು:
'ಅಕ್ಕಾ, ನನ್ನ ಕೊನೇ ಚೀಲ?'
ಪಟ್ಟಿಯಲ್ಲಿ ಅವಳ ಹೆಸರು, ಮುಂದೆ ಖಾಲಿ.
ನಲವತ್ತಮೂರು ಕಿಲೋ ಕೆಂಪು ಹಣ್ಣನ್ನು
ಬರೆಯುತ್ತ ಬರೆಯುತ್ತಲೇ ಸತ್ತಿತ್ತು
ಹಿಂದೆ ಓಡುತ್ತಿದ್ದ ಥ್ರೆಡ್ಡು.

ಹಾಗೆ ಕಟ್ಟಿದವಳು ನಾನೇ:
ಹಿರಿಯರೆದ್ದರೆ ಪಂಕ್ತಿಯೇ ಏಳಬೇಕು,
ಯಾರ ಎಲೆಯಲ್ಲಿ ಏನು ಉಳಿದಿದ್ದರೂ.
ಹೋದ ಸುಗ್ಗಿಯಲ್ಲಿ ಎಷ್ಟು ಚೀಲ ಹೀಗೆ?
ಯಾರೂ ಕೇಳಿರಲಿಲ್ಲ.

ರಾತ್ರಿ ಕೂತು ತಿದ್ದಿದೆ.
ಹೊಸದು ಹಿಡಿಯಬೇಡ,
ಕೈಯಲ್ಲಿರುವುದನ್ನು ಮುಗಿಸಿ ಬಾ,
ಬಾಗಿಲಲ್ಲೇ ನಿಂತಿರುತ್ತೇನೆ.
ಎಷ್ಟು ಹೊತ್ತು ಅಂತ ಅಲ್ಲೊಂದು ಅಂಕಿ ಬರೆಯಬೇಕು.
ಐದು ಸೆಕೆಂಡು ಎಂದೆ. ಅಳಿಸಿದೆ.
ಮೂವತ್ತು ಎಂದೆ.
ಬರೆಯುವುದು ಎಲ್ಲೋ ಸಿಕ್ಕಿಕೊಂಡರೆ
ನಾನೂ ಇಲ್ಲೇ ಬೆಳಗು ಮಾಡಬೇಕಲ್ಲ.

ಈಗ ಹೊರಗೆ ಜೀಪಿನ ಹಾರ್ನು.
'ಆನೆ ದಾಟುವ ಹೊತ್ತು, ಹತ್ತಿ ಹತ್ತಿ,'
ಮೊಯ್ದುವಿಗೆ ಅವಸರ.
ಚೋಮಿ ಮಾತ್ರ ತಕ್ಕಡಿಯ ಕೆಳಗೆ ಬಗ್ಗಿ
ಉದುರಿದ ಹಣ್ಣು ಆಯುತ್ತಿದ್ದಾಳೆ,
ಒಂದೊಂದೇ.

ಮೊಯ್ದು,
ಇಂಜಿನ್ ಆರಿಸು.